ಕಾಡಂಚಿನ ಮೈದಾನದಿಂದ

ಆಮ್‌ಸ್ಟರ್‌ಡ್ಯಾಮ್ ಮುಗಿದು ಆಮ್‌ಸ್ಟೆಲ್‌ವೀನ್ ಶುರುವಾಗುವ ಕಡೆ ಒಂದು ದೊಡ್ಡ ಕಾಡಿದೆ. ತಾನಾಗಿ ಬೆಳೆದದ್ದಲ್ಲ, ನೆಟ್ಟು ಬೆಳೆಸಿದ್ದು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡಿದ್ದ ಸುಮಾರು 20,000 ಮಂದಿ ಗುದ್ದಲಿ ಹಿಡಿದು, ಸಮುದ್ರಮಟ್ಟಕ್ಕಿಂತ ಕೆಳಗಿರುವ ಬಯಲಿನಲ್ಲಿ ಕೆರೆ ತೋಡಿ, ದಿಣ್ಣೆ ಎಬ್ಬಿಸಿ, ಗಿಡ ಹಚ್ಚಿ ಮಾಡಿದ ಕಾಡು ಅದು. ಅದರ ಅಂಚಿನ ರಸ್ತೆಯಲ್ಲಿ ಅಕ್ಕಪಕ್ಕದಲ್ಲೇ ಎರಡು ಮೈದಾನಗಳಿವೆ. ಒಂದು ಹಾಕಿಯ ವ್ಯಾಗನರ್ ಕ್ರೀಡಾಂಗಣ, ಇನ್ನೊಂದು ವಿ.ಆರ್.ಎ. ಕ್ರಿಕೆಟ್ ಮೈದಾನ. ನಾನು ಸೋಮವಾರಪೇಟೆಯವನು. ಊರಲ್ಲಿದ್ದಾಗ ಪತ್ರಿಕೆಗೆ ತಾಲ್ಲೂಕಿನ ಕ್ರೀಡಾ ಸುದ್ದಿ ಬರೆಯುತ್ತಿದ್ದೆ, ಈಗ ಇಲ್ಲಿನ ಕನ್ನಡದವರಿಗಾಗಿ ಬರೆಯುತ್ತೇನೆ. ಕೆಲಸ ಅದೇ, ಮಳೆಯೂ ಹೆಚ್ಚುಕಡಿಮೆ ಅದೇ.

ತಾಲ್ಲೂಕು ವರದಿಗಿರುವ ನಿಯಮ ಒಂದೇ: ಆಡಿದವರ ಹೆಸರು ಬಿಡಬಾರದು. ರಾಷ್ಟ್ರೀಯ ಪುಟದವರು ನಾಯಕನ ಹೆಸರು, ಶತಕ ಹೊಡೆದವನ ಹೆಸರು ಬರೆದು ಮುಗಿಸಬಹುದು. ನಮಗೆ ಹಾಗಾಗುವುದಿಲ್ಲ. ಕೊನೆಯ ಐದು ನಿಮಿಷಕ್ಕೆ ಬದಲಿ ಆಟಗಾರನಾಗಿ ಇಳಿದ ಹುಡುಗನ ಹೆಸರೂ ಇನಿಶಿಯಲ್ ಸಮೇತ ಬರಬೇಕು. ಮರುದಿನ ಅವನ ಅಜ್ಜಿ ಕನ್ನಡಕ ಹಾಕಿಕೊಂಡು ಹುಡುಕುವುದು ಆ ಒಂದು ಹೆಸರನ್ನೇ. ಕೊಡಗಿನ ಕೌಟುಂಬಿಕ ಹಾಕಿ ಹಬ್ಬದಲ್ಲಿ ಇದು ನಿಜಕ್ಕೂ ಗಟ್ಟಿ ಕೆಲಸ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರುಮಾಡಿದಾಗ 60 ಕುಟುಂಬಗಳು ಬಂದಿದ್ದವು. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ಗೆ 360 ತಂಡಗಳು ಇಳಿದು ಗಿನ್ನೆಸ್ ದಾಖಲೆಯಾಯಿತು. ಒಂದು ತಂಡವೆಂದರೆ ಒಂದು ಒಕ್ಕ, ಹನ್ನೊಂದೂ ಜನಕ್ಕೆ ಒಂದೇ ಮನೆಹೆಸರು. ಗೋಲು ಹೊಡೆದದ್ದು ಚಿಕ್ಕಪ್ಪನೋ ಅಣ್ಣನ ಮಗನೋ, ದೊಡ್ಡಪ್ಪನ ಮಗಳೋ ಎಂದು ಮೈದಾನದ ಬದಿಯಲ್ಲಿ ನಿಂತವರನ್ನು ಕೇಳಿಯೇ ಬರೆಯಬೇಕು. ಅಲ್ಲಿ ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡುತ್ತಾರೆ. ಪ್ರಪಂಚದ ಹಾಕಿಗೆ ನಾವು ಕೊಟ್ಟದ್ದರಲ್ಲಿ ಇದಕ್ಕಿಂತ ದೊಡ್ಡದು ಇಲ್ಲವೆಂದೇ ನನ್ನ ನಂಬಿಕೆ.

ನೆದರ್‌ಲೆಂಡ್ಸಿಗೆ ಬಂದ ಹೊಸತರಲ್ಲಿ ಒಂದು ಶನಿವಾರ ಬೆಳಿಗ್ಗೆ ಹಾಕಿ ಕ್ಲಬ್ಬಿಗೆ ಹೋದಾಗ ನನಗೆ ಊರಿಗೆ ಬಂದಂತಾಯಿತು. ಇಲ್ಲಿನ ಹಾಕಿ ಸಂಸ್ಥೆಯಲ್ಲಿ ಸುಮಾರು ಎರಡೂವರೆ ಲಕ್ಷ ಸದಸ್ಯರಿದ್ದಾರೆ. ಪುಟ್ಟ ದೇಶಕ್ಕೆ ಇದು ಅಪಾರ ಸಂಖ್ಯೆ. ಬೆಳಿಗ್ಗೆ ಎಂಟೂವರೆಗೆ, ಇನ್ನೂ ಮಂಜು ಹರಿಯುವ ಮೊದಲೇ, ಎಂಟು ವರ್ಷದ ಮಕ್ಕಳು ಹಲ್ಲಿಗೆ ಗಾರ್ಡ್ ಕಚ್ಚಿಕೊಂಡು ಮೈದಾನಕ್ಕೆ ಇಳಿದಿರುತ್ತಾರೆ. ಅಂಪೈರ್ ಯಾರೋ ಒಬ್ಬರ ತಾಯಿ. ಎದುರು ತಂಡವನ್ನು ಸ್ವಾಗತಿಸಿ ಕಾಫಿ ಕೊಡುವವರು ಇನ್ನೊಬ್ಬರ ತಂದೆ. ಪಂದ್ಯ ಮುಗಿದ ಮೇಲೆ ಎರಡೂ ತಂಡದ ಮಕ್ಕಳು ಒಟ್ಟಿಗೆ ಕೂತು ಶರಬತ್ತು ಕುಡಿಯುತ್ತಾರೆ. ಮಧ್ಯಾಹ್ನ ಅದೇ ಟರ್ಫ್ ಮೇಲೆ ದೊಡ್ಡವರ ಪಂದ್ಯ. ಅದರಲ್ಲಿ ಒಬ್ಬರೋ ಇಬ್ಬರೋ ಒಲಿಂಪಿಕ್ ಆಟಗಾರರಿದ್ದರೆ ಬೆಳಿಗ್ಗೆ ಆಡಿದ ಮಕ್ಕಳು ಬೇಲಿಗೆ ಗಲ್ಲ ಒತ್ತಿಕೊಂಡು ನೋಡುತ್ತಾರೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಈ ದೇಶದ ಗಂಡಸರೂ ಹೆಂಗಸರೂ ಎರಡೂ ಹಾಕಿ ಚಿನ್ನ ಗೆದ್ದದ್ದು ಹೇಗೆಂದು ಕೇಳುವವರನ್ನು ನಾನು ಒಂದು ಶನಿವಾರ ಕ್ಲಬ್ಬಿಗೆ ಕರೆದುಕೊಂಡು ಹೋಗುತ್ತೇನೆ.

ಕ್ಲಬ್ಬಿನಲ್ಲಿ ಪ್ರತಿ ಮನೆಯವರೂ ಸರದಿಯ ಪ್ರಕಾರ ಕ್ಯಾಂಟೀನ್ ಕೆಲಸ ಮಾಡಬೇಕು. ಧಾರವಾಡದ ಕಡೆಯವರೊಬ್ಬರು, ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಮನುಷ್ಯ, ಅಂದು ಏಪ್ರನ್ ಕಟ್ಟಿಕೊಂಡು ಬಿಟರ್‌ಬಾಲನ್ ಎಂಬ ಇಲ್ಲಿನ ತಿಂಡಿ ಕರಿಯುತ್ತಿದ್ದರು. ನನ್ನನ್ನು ಕಂಡದ್ದೇ ತಡ, ಜಾಲರಿಯನ್ನು ಎಣ್ಣೆಯಿಂದ ಎತ್ತಿ ಹಿಡಿದೇ ಕೇಳಿದರು:

“ಏನ್ರೀ ಸರ, ನಮ್ಮ ಹುಡುಗನ ಹೆಸರು ಬರಕೊಂಡ್ರೋ ಇಲ್ಲೋ?”

“ಬರ್ಕೊಂಡೆ ಸಾರ್. ಎರಡು ಗೋಲು ತಡೆದಿದ್ದಾನೆ.”

“ಮೂರು ರೀ! ಮೊದಲನೇದು ಕಾಲಿಗೆ ಬಡದು ಹೋತಲ್ಲ, ಅದೂ ಹಿಡೀರಿ.”

ಮೂರು ಎಂದೇ ಬರೆದೆ. ಕಾಲಿಗೆ ಬಡಿದರೂ ತಡೆದದ್ದು ತಡೆದದ್ದೇ, ಗೋಲ್‌ಕೀಪರ್‌ಗೆ ಕಾಲಿರುವುದೇ ಅದಕ್ಕೆ.

ವ್ಯಾಗನರ್ ಮಾತ್ರ ನನಗೆ ಬರೀ ಮೈದಾನವಲ್ಲ. 1973ರ ಸೆಪ್ಟೆಂಬರ್ 2ರಂದು ವಿಶ್ವಕಪ್ ಫೈನಲ್ ನಡೆದದ್ದು ಇಲ್ಲಿ. ಭಾರತ ತಂಡದ ನಾಯಕ ಕೊಡಗಿನ ಎಂ.ಪಿ. ಗಣೇಶ್. ಮುಂಚೂಣಿಯಲ್ಲಿ ನಮ್ಮ ಸೋಮವಾರಪೇಟೆಯ ಬಿ.ಪಿ. ಗೋವಿಂದ. ಸೆಮಿಫೈನಲ್‌ನಲ್ಲಿ ಪಾಕಿಸ್ತಾನವನ್ನು 1-0ರಿಂದ ಸೋಲಿಸಿ ಬಂದಿದ್ದ ತಂಡ ಫೈನಲ್‌ನಲ್ಲಿ ಸುರ್ಜಿತ್ ಸಿಂಗ್ ಹೊಡೆದ ಎರಡು ಗೋಲುಗಳಿಂದ 2-0 ಮುಂದಿತ್ತು. ಡಚ್ಚರು ಎರಡನ್ನೂ ತೀರಿಸಿದರು. ಹೆಚ್ಚುವರಿ ಆಟದಲ್ಲಿ ಭಾರತಕ್ಕೆ ಪೆನಾಲ್ಟಿ ಸ್ಟ್ರೋಕ್ ಸಿಕ್ಕಿತು. ಹೊಡೆದವರು ಗೋವಿಂದ, ಗೋಲಾಗಲಿಲ್ಲ. ಕೊನೆಗೆ ಪೆನಾಲ್ಟಿ ಸ್ಟ್ರೋಕ್‌ಗಳಲ್ಲಿ 4-2ರಿಂದ ನೆದರ್‌ಲೆಂಡ್ಸ್ ಕಪ್ ಎತ್ತಿತು.

ನಮ್ಮ ತಂದೆಯವರ ಕಾಲದವರು ಆ ಸ್ಟ್ರೋಕ್ ಬಗ್ಗೆ ಮಾತಾಡುವಾಗ ದನಿ ತಗ್ಗಿಸುತ್ತಿದ್ದರು. ನನಗೆ ಅದರ ಅಗತ್ಯ ಕಾಣುವುದಿಲ್ಲ. ಒಂದು ತಾಲ್ಲೂಕು ಕೇಂದ್ರದ ಹುಡುಗ ವಿಶ್ವಕಪ್ ಫೈನಲ್‌ನಲ್ಲಿ, ದೇಶದ ಭಾರವೆಲ್ಲ ಒಂದು ಹೊಡೆತಕ್ಕೆ ಬಂದು ನಿಂತಾಗ, ಚೆಂಡಿನ ಮುಂದೆ ನಿಲ್ಲುವಷ್ಟು ದೂರ ಬಂದಿದ್ದ. ವರದಿಯ ಮೊದಲ ಸಾಲು ಅದೇ ಆಗಬೇಕಿತ್ತು. ಎರಡು ವರ್ಷದ ಮೇಲೆ, 1975ರಲ್ಲಿ, ಕ್ವಾಲಾಲಂಪುರದಲ್ಲಿ ಭಾರತ ಕಪ್ ಗೆದ್ದಾಗ ಆ ತಂಡದಲ್ಲಿ ಗೋವಿಂದ ಇದ್ದರು. ಊರ ಕಥೆ ಅಲ್ಲಿಗೆ ಪೂರ್ತಿಯಾಗುತ್ತದೆ, 1973ಕ್ಕೆ ಅಲ್ಲ. ಇನ್ನು ಲೆಕ್ಕ ಹಾಕುವುದೇ ಆದರೆ ಇದೇ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 1928ರ ಒಲಿಂಪಿಕ್ ಫೈನಲ್‌ನಲ್ಲಿ ನಾವು ಡಚ್ಚರನ್ನು 3-0ರಿಂದ ಸೋಲಿಸಿದ್ದೆವು. ಭಾರತಕ್ಕೆ ಅದು ಮೊದಲ ಹಾಕಿ ಚಿನ್ನ. ಧ್ಯಾನ್‌ಚಂದ್ ಆ ಕೂಟದಲ್ಲಿ 14 ಗೋಲು ಹೊಡೆದರು, ಭಾರತದ ಬಲೆಗೆ ಒಂದೇ ಒಂದು ಚೆಂಡೂ ಬೀಳಲಿಲ್ಲ. ಆ ಫೈನಲ್ ನಡೆದ ಇಟ್ಟಿಗೆಯ ಕ್ರೀಡಾಂಗಣ ಇಂದಿಗೂ ಗಟ್ಟಿಮುಟ್ಟಾಗಿ ನಿಂತಿದೆ. ಊರಿಂದ ನೆಂಟರು ಬಂದರೆ ಅವರು ಕಾಲುವೆಯ ದೋಣಿ ನೋಡಬೇಕೆನ್ನುತ್ತಾರೆ, ನಾನು ಮೊದಲು ಅಲ್ಲಿಗೆ ಕರೆದೊಯ್ಯುತ್ತೇನೆ.

ಪಕ್ಕದ ಕ್ರಿಕೆಟ್ ಮೈದಾನದ ಕಥೆ ಬೇರೆ ರುಚಿಯದು. ಇಲ್ಲಿನ ಕ್ರಿಕೆಟ್ ಸಂಸ್ಥೆ ಹುಟ್ಟಿದ್ದು 1883ರಲ್ಲಿ, ಫುಟ್‌ಬಾಲ್ ಸಂಸ್ಥೆಗಿಂತ ಮೊದಲು. 1964ರಲ್ಲಿ ಹೇಗ್ ನಗರದಲ್ಲಿ ಇವರು ಆಸ್ಟ್ರೇಲಿಯಾವನ್ನು ಮೂರು ವಿಕೆಟ್‌ಗಳಿಂದ ಸೋಲಿಸಿದ್ದರು. 2009ರ ಟಿ-20 ವಿಶ್ವಕಪ್ಪಿನ ಮೊದಲ ಪಂದ್ಯದಲ್ಲೇ ಲಾರ್ಡ್ಸ್‌ನಲ್ಲಿ ಇಂಗ್ಲೆಂಡನ್ನು ಮಣಿಸಿದರು. ಇಷ್ಟಾದರೂ ಟ್ರಾಮಿನಲ್ಲಿ ಪಕ್ಕ ಕೂತ ಡಚ್ ಸಹಪ್ರಯಾಣಿಕರಿಗೆ ನಾನೇ ಕ್ರಿಕೆಟ್ ವಿವರಿಸಬೇಕು, ಅದನ್ನು ನಾನು ಸಂತೋಷದಿಂದ ಮಾಡುತ್ತೇನೆ.

ಈ ಮೈದಾನದಲ್ಲಿ 2022ರ ಜೂನ್ 17ರಂದು ಇಂಗ್ಲೆಂಡ್ 50 ಓವರಿನಲ್ಲಿ 4 ವಿಕೆಟ್‌ಗೆ 498 ರನ್ ಹೊಡೆಯಿತು. ವಿಶ್ವದಾಖಲೆ. ಬಟ್ಲರ್ 70 ಎಸೆತಕ್ಕೆ ಅಜೇಯ 162. ಒಟ್ಟು 26 ಸಿಕ್ಸರ್. ಅವುಗಳಲ್ಲಿ ಎಷ್ಟೋ ಚೆಂಡು ನೇರವಾಗಿ ಕಾಡು ಹೊಕ್ಕವು. ಆಟ ನಿಂತಿತು, ಪೊದೆಯೊಳಗೆ ಜನ ಬಗ್ಗಿ ಬಗ್ಗಿ ಹುಡುಕಿದರು. ದೊಡ್ಡ ಪತ್ರಿಕೆಗಳಿಗೆಲ್ಲ ಬಟ್ಲರ್ ಸುದ್ದಿಯಾದ. ನನ್ನ ಮನಸ್ಸು ನಿಂತದ್ದು ಪೊದೆಯಲ್ಲಿ. ಕೆಲಸವಿಲ್ಲದವರು ಹೊಟ್ಟೆಪಾಡಿಗಾಗಿ ನೆಟ್ಟ ಗಿಡಗಳು ತೊಂಬತ್ತು ವರ್ಷದ ಹತ್ತಿರ ಬೆಳೆದು ವಿಶ್ವದಾಖಲೆಯ ಚೆಂಡುಗಳನ್ನು ಅಡಗಿಸಿಟ್ಟುಕೊಂಡಿದ್ದವು. ಕಾಡಿಗೂ ಮೈದಾನಕ್ಕೂ ನಡುವೆ ಬಲೆ ಕಟ್ಟಬೇಕೆನ್ನುವವರ ಮಾತು ನನಗೆ ಹಿಡಿಸುವುದಿಲ್ಲ. ಮಡಿಕೇರಿ ಕಡೆ ಕಾಫಿ ತೋಟಕ್ಕೆ ಹೋದ ಚೆಂಡನ್ನು ಹುಡುಕುವುದೂ ಆಟದ ಒಂದು ಭಾಗವೇ ಆಗಿತ್ತು.

ಅದರ ಮುಂದಿನ ವರ್ಷದ್ದು ನನ್ನ ನೋಟ್‌ಬುಕ್ಕಿನ ಅತಿ ತುಂಬಿದ ಪುಟಗಳು. 2023ರ ವಿಶ್ವಕಪ್‌ಗೆ ಮೊದಲು ಡಚ್ ತಂಡ ಶಿಬಿರ ಹಾಕಿದ್ದು ಬೆಂಗಳೂರಿನ ಆಲೂರಿನಲ್ಲಿ. ನೆಟ್ಸ್‌ನಲ್ಲಿ ಬೌಲ್ ಮಾಡುವವರು ಬೇಕೆಂದು ಅವರು ಪ್ರಕಟಣೆ ಕೊಟ್ಟರೆ ಸುಮಾರು 10,000 ಅರ್ಜಿ ಬಂದವು. ಆಯ್ಕೆಯಾದ ನಾಲ್ವರಲ್ಲಿ ಒಬ್ಬ ಚೆನ್ನೈನ ಲೋಕೇಶ್ ಕುಮಾರ್, ಸ್ವಿಗ್ಗಿಯಲ್ಲಿ ಊಟ ತಲುಪಿಸುವ ಹುಡುಗ, ಎಡಗೈ ಸ್ಪಿನ್ನರ್. ಅದೇ ಡಚ್ ತಂಡದ ವೇಗದ ಬೌಲರ್ ಪಾಲ್ ಫಾನ್ ಮೇಕೆರನ್ 2020ರ ಚಳಿಗಾಲದಲ್ಲಿ ಪಂದ್ಯಗಳಿಲ್ಲದೆ ಊಬರ್ ಈಟ್ಸ್‌ನಲ್ಲಿ ಊಟ ತಲುಪಿಸುತ್ತಿದ್ದ. ಆಲೂರಿನ ನೆಟ್ಸ್‌ನಲ್ಲಿ ಅವರಿಬ್ಬರೂ ಒಂದೇ ಕಡೆ ಬೌಲ್ ಮಾಡಿದರು ಎಂಬುದು ನನಗೆ ಇಡೀ ವಿಶ್ವಕಪ್ಪಿನಲ್ಲಿ ಬಹಳ ಇಷ್ಟವಾದ ಸುದ್ದಿ. ಅಕ್ಟೋಬರ್ 17ರಂದು ಧರ್ಮಶಾಲೆಯಲ್ಲಿ ಮಳೆ ಬಂದು ದಕ್ಷಿಣ ಆಫ್ರಿಕಾ ಎದುರಿನ ಪಂದ್ಯ 43 ಓವರಿಗೆ ಇಳಿಯಿತು. ನಾಯಕ ಸ್ಕಾಟ್ ಎಡ್ವರ್ಡ್ಸ್ ಅಜೇಯ 78 ಹೊಡೆದು ತಂಡವನ್ನು 245ಕ್ಕೆ ಎಳೆದ. ಫಾನ್ ಮೇಕೆರನ್ ಮಾರ್ಕ್ರಮ್‌ನ ವಿಕೆಟ್ ಹಾರಿಸಿದ. ದಕ್ಷಿಣ ಆಫ್ರಿಕಾ 207ಕ್ಕೆ ಆಲೌಟ್. ಆ ಸಂಜೆ ನಮ್ಮ ಬೀದಿಯಲ್ಲಿ ಕುಣಿದವರು ಬಹುಪಾಲು ಭಾರತ, ಪಾಕಿಸ್ತಾನ, ಶ್ರೀಲಂಕಾ ಕಡೆಯವರು. ಎದುರು ಮನೆಯ ಡಚ್ ಅಜ್ಜಿ ಏನಾಯಿತೆಂದು ಬಾಗಿಲಿಗೆ ಬಂದರು. “ನಿಮ್ಮವರು ಗೆದ್ದರು” ಎಂದೆವು.

ನವೆಂಬರ್ 12 ಬಂತು. ದೀಪಾವಳಿ. ಭಾರತ ಮತ್ತು ನೆದರ್‌ಲೆಂಡ್ಸ್, ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ಆಮ್‌ಸ್ಟೆಲ್‌ವೀನಿನ ಕನ್ನಡದ ಮನೆಗೆ ಇದಕ್ಕಿಂತ ಇಕ್ಕಟ್ಟಿನ, ಇದಕ್ಕಿಂತ ಸಂಭ್ರಮದ ಪಂದ್ಯ ಇನ್ನೊಂದಿಲ್ಲ. ಮೈದಾನ ನಮ್ಮದು. ನೀಲಿ ಅಂಗಿ ನಮ್ಮದು. ಕಿತ್ತಳೆ ಅಂಗಿಯ ವಿಕ್ರಮ್‌ಜಿತ್ ಸಿಂಗ್ ವಿ.ಆರ್.ಎ. ಕ್ಲಬ್ಬಿಗೆ ಆಡಿದವನು, ಎಂದಮೇಲೆ ಅವನೂ ನಮ್ಮ ಊರವನೇ. ಮಗಳು ಕಿತ್ತಳೆ ಅಂಗಿ ತೊಟ್ಟು, ಕೈಯಲ್ಲಿ ತ್ರಿವರ್ಣ ಹಿಡಿದು ಟೀವಿ ಮುಂದೆ ಕೂತಳು. ಭಾರತದ ಮೊದಲ ಐದೂ ಮಂದಿ ಐವತ್ತು ದಾಟಿದರು. ಶ್ರೇಯಸ್ ಅಯ್ಯರ್ ಅಜೇಯ 128. ಮಂಗಳೂರು ಕಡೆ ಬೆಳೆದ ನಮ್ಮ ಕೆ.ಎಲ್. ರಾಹುಲ್ ಚಿನ್ನಸ್ವಾಮಿಯಲ್ಲಿ 62 ಎಸೆತಕ್ಕೆ ನೂರು ಮುಗಿಸಿದ, ವಿಶ್ವಕಪ್ಪಿನಲ್ಲಿ ಆವರೆಗೆ ಭಾರತೀಯನೊಬ್ಬನ ಅತಿ ವೇಗದ ಶತಕ. ಒಟ್ಟು 410. ಉತ್ತರಕ್ಕೆ ಡಚ್ಚರು 250ರ ತನಕ ಬಂದರು. ವಿಜಯವಾಡದಲ್ಲಿ ಹುಟ್ಟಿ ನ್ಯೂಜಿಲೆಂಡಿನಲ್ಲಿ ಬೆಳೆದ ತೇಜ ನಿಡಮನೂರು ಆರು ಸಿಕ್ಸರ್ ಹೊಡೆದು 54 ಮಾಡಿದ. ಅವನಿಗೆ ಬೆಂಗಳೂರಿನ ಗ್ಯಾಲರಿ ಚಪ್ಪಾಳೆ ತಟ್ಟಿತು. ಕೊಹ್ಲಿ ಬೌಲ್ ಮಾಡಿ ಎಡ್ವರ್ಡ್ಸ್‌ನನ್ನು ಔಟ್ ಮಾಡಿದ, ಹಿಂದೆ ಕ್ಯಾಚ್ ಹಿಡಿದದ್ದು ರಾಹುಲ್. ಕೊನೆಯ ವಿಕೆಟ್ ರೋಹಿತ್‌ದು. 160 ರನ್ನಿನ ಜಯ.

“ಅಪ್ಪಾ, ನಾವು ಗೆದ್ವಾ ಸೋತ್ವಾ?” ಎಂದಳು ಮಗಳು. “ಎರಡೂ” ಎಂದೆ. ಅವಳಿಗೆ ಅದು ಸರಿಯಾದ ಉತ್ತರವಾಗಿಯೇ ಕಂಡಿತು, ಸುರಸುರಬತ್ತಿ ಹಚ್ಚಲು ಹಿತ್ತಲಿಗೆ ಓಡಿದಳು. ಎರಡು ತಂಡಗಳನ್ನು ಪೂರ್ತಿ ಪ್ರೀತಿಸಲು ಆಗುವುದಿಲ್ಲ ಎನ್ನುವವರು ಕೊಡಗಿನ ಹಾಕಿ ಹಬ್ಬದಲ್ಲಿ ತವರು ಮನೆಗೂ ಗಂಡನ ಮನೆಗೂ ಪಂದ್ಯ ಬಿದ್ದ ದಿನ ಅಲ್ಲಿನ ಹೆಣ್ಣುಮಗಳೊಬ್ಬಳ ಪಕ್ಕ ಕೂತು ನೋಡಬೇಕು.

ಈ ದೇಶದ ಜಾನಪದ ಆಟಗಳಿಗೂ ನನ್ನ ಪುಟದಲ್ಲಿ ಜಾಗವಿದೆ. ಫ್ರೀಸ್‌ಲ್ಯಾಂಡಿನಲ್ಲಿ ಕಾಲುವೆಯ ನಡುವೆ ನೆಟ್ಟ ಉದ್ದನೆಯ ಗಳುವಿಗೆ ಓಡಿಬಂದು ಹಾರಿ, ಅದು ಬಾಗುವಷ್ಟರಲ್ಲಿ ತುದಿಗೆ ಹತ್ತಿ, ಆಚೆ ದಡದ ಮರಳಿಗೆ ಜಿಗಿಯುತ್ತಾರೆ. 2017ರಲ್ಲಿ ಯಾಕೊ ದ ಖ್ರೋಟ್ 22.21 ಮೀಟರ್ ಜಿಗಿದ. ಬಿರುಗಾಳಿ ಬರುತ್ತದೆಂದು ಹವಾಮಾನದವರು ಹೇಳಿದ ಕೂಡಲೇ ಜೀಲ್ಯಾಂಡಿನ ಕಡಲ ತಡೆಗೋಡೆಯ ಮೇಲೆ, ಗೇರಿಲ್ಲದ ಸೈಕಲ್‌ಗಳಲ್ಲಿ, ಎದುರುಗಾಳಿಗೆ 8.5 ಕಿಲೋಮೀಟರ್ ತುಳಿಯುವ ರಾಷ್ಟ್ರೀಯ ಸ್ಪರ್ಧೆಯೂ ಇದೆ. ಮಳೆಗಾಲದಲ್ಲಿ ಕೆಸರುಗದ್ದೆ ಓಟ ಇಡುವ ನಮಗೆ ಇವರ ಮನಸ್ಸು ತಕ್ಷಣ ಅರ್ಥವಾಗುತ್ತದೆ: ಹವೆ ಕೆಟ್ಟಿತೆಂದು ಆಟ ಬಿಡುವುದಲ್ಲ, ಕೆಟ್ಟ ಹವೆಗೇ ಒಂದು ಆಟ ಕಟ್ಟುವುದು.

ಆದರೆ ಎಲ್ಲಕ್ಕೂ ಮೇಲಿನದು ಹನ್ನೊಂದು ಊರುಗಳ ಹಿಮಜಾರಾಟ. ಫ್ರೀಸ್‌ಲ್ಯಾಂಡಿನ ಹನ್ನೊಂದು ಪಟ್ಟಣಗಳನ್ನು ಹೆಪ್ಪುಗಟ್ಟಿದ ಕಾಲುವೆಗಳ ಮೇಲೆ ಸುತ್ತಿ ಬರುವ ಸುಮಾರು 200 ಕಿಲೋಮೀಟರ್ ದಾರಿ. ದಾರಿಯುದ್ದಕ್ಕೂ 15 ಸೆಂಟಿಮೀಟರ್ ದಪ್ಪ ಮಂಜುಗಡ್ಡೆ ಕಟ್ಟಿದರೆ ಮಾತ್ರ ಉಂಟು. 1909ರಿಂದ ನಡೆದದ್ದು 15 ಸಲ, ಕೊನೆಯದು 1997ರ ಜನವರಿ 4ರಂದು. ಗೆದ್ದವನು ಹೆಂಕ್ ಆಂಗನೆಂಟ್, ಗೋಲಿ ಗಾತ್ರದ ಕೋಸು ಬೆಳೆಯುವ ರೈತ, 6 ಗಂಟೆ 49 ನಿಮಿಷದಲ್ಲಿ. 2020ರಲ್ಲಿ ಐಕಳದ ಕಂಬಳದಲ್ಲಿ 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದ ಶ್ರೀನಿವಾಸ ಗೌಡ ಕಟ್ಟಡ ಕೆಲಸದವರು. ದೇಶವೆಲ್ಲ ಅವರನ್ನು ಬೋಲ್ಟ್ ಜೊತೆ ಹೋಲಿಸಿತು. ನಾನಾಗಿದ್ದರೆ ಆಂಗನೆಂಟ್ ಪಕ್ಕ ನಿಲ್ಲಿಸುತ್ತಿದ್ದೆ. ಇಬ್ಬರೂ ಮರುದಿನ ಮತ್ತೆ ಕೆಲಸಕ್ಕೆ ಹೋಗುವ ಜನ, ಇಬ್ಬರ ಓಟಕ್ಕೂ ನೀರು ಬೇಕು.

ಚಳಿಗಾಲ ಬಿಸಿಯಾಗುತ್ತ ಹೋಗಿ ಆ ಓಟ ಇನ್ನು ನಡೆಯಲಾರದೆಂದು ಹಲವರು ಹೇಳುತ್ತಾರೆ. ನಾನು ಸ್ವೆಟರ್ ತೊಳೆಸಿ ಇಟ್ಟಿದ್ದೇನೆ. ಅದು ನಡೆದರೆ ಗೆದ್ದವನ ಸುದ್ದಿ ಟೀವಿಯವರು ನೋಡಿಕೊಳ್ಳಲಿ. ಸ್ಪರ್ಧೆಗಲ್ಲದೆ ಬರೀ ಸುತ್ತು ಮುಗಿಸಲೆಂದು ಇಳಿಯುವ ಸಾವಿರಾರು ಜನರಿಗೆ ಮಧ್ಯರಾತ್ರಿಯವರೆಗೆ ಸಮಯವಿದೆ, ಅಷ್ಟರೊಳಗೆ ಲೇವಾರ್ಡನ್ ಮುಟ್ಟಿದವರಿಗೆ ಒಂದು ಪುಟ್ಟ ಶಿಲುಬೆ ಪದಕ ಸಿಗುತ್ತದೆ. ರಾತ್ರಿ ಹತ್ತರಿಂದ ಹನ್ನೆರಡರ ತನಕ ಗೆರೆಯ ಬಳಿ ನಿಂತು, ಬಂದವರ ಹೆಸರು ಕೇಳಿ, ಕಾಗುಣಿತ ಸರಿಯೇ ಎಂದು ಇನ್ನೊಮ್ಮೆ ಕೇಳಿ, ಒಂದೂ ಬಿಡದೆ ಬರೆದುಕೊಳ್ಳುತ್ತೇನೆ.