ಉರುಲಿಗೆ ಬಾಗಿಲಿಲ್ಲ

ಮಳೆ ಹಿಡಿಯಿತೆಂದರೆ ನಿಟ್ಟುವಳ್ಳಿಯ ನಮ್ಮ ಮನೆಗೆ ಇಲಿ ಬರುತ್ತವೆ. ಮರದ ಬೋನಿನ ಕೊಕ್ಕೆಗೆ ಸುಟ್ಟ ಕೊಬ್ಬರಿ ಚೂರು ಸಿಕ್ಕಿಸಿ ಅಕ್ಕಿ ಡಬ್ಬಿಯ ಪಕ್ಕ ಇಟ್ಟು ಮಲಗುತ್ತೇವೆ. “ಕೊಬ್ಬರಿ ಯಾಕ್ರಿ, ಮಿರ್ಚಿ ಇಡ್ರಿ, ಒಂದೇ ರಾತ್ರಿಗೆ ಬೀಳ್ತೈತಿ” ಅನ್ನುತ್ತಾರೆ ಪಕ್ಕದ ಮನೆ ಅಜ್ಜಿ. ದಾವಣಗೆರೆ ಇಲಿಗೂ ಮಿರ್ಚಿಯ ಚಪಲ ಇದ್ದೀತು. ಬೋನಿನ ಬಗ್ಗೆ ನನಗೆ ತಕರಾರಿಲ್ಲ. ಬಿದ್ದದ್ದು ಏನೆಂದು ನೋಡಬಹುದು. ಒಮ್ಮೆ ಅಳಿಲು ಬಿದ್ದಿತ್ತು, ಬಾಗಿಲೆತ್ತಿ ಬಿಟ್ಟೆವು.

ನನ್ನ ಸಿಟ್ಟೆಲ್ಲ ಉರುಲಿನ ಮೇಲೆ.

ಮೆಕ್ಕೆಜೋಳ ತೆನೆಗಟ್ಟುವ ಹೊತ್ತಿಗೆ ಕಾಡಂಚಿನ ಹೊಲಕ್ಕೆ ಹಂದಿ ನುಗ್ಗುತ್ತವೆ. ಬೆಳಗಾಗುವುದರೊಳಗೆ ಅರ್ಧ ಬೆಳೆ ನೆಲಕ್ಕೆ. ರೈತನ ಸಂಕಟ ಸುಳ್ಳಲ್ಲ. ಅದಕ್ಕೆ ಕೆಲವರು ಬೇಲಿಯ ಸಂದಿಗೆ ಉರುಲು ಕಟ್ಟುತ್ತಾರೆ. ಬೈಕಿನ ಹಳೇ ಕ್ಲಚ್ ಕೇಬಲ್ಲೇ ಸಾಕು: ಒಂದು ತುದಿ ಗೂಟಕ್ಕೆ, ಇನ್ನೊಂದರಲ್ಲಿ ಜಾರುವ ಕುಣಿಕೆ. ಪ್ರಾಣಿ ಎಳೆದಷ್ಟೂ ಬಿಗಿಯುತ್ತದೆ. ಹಂದಿಗೆಂದು ಹಾಕಿದ್ದರಲ್ಲಿ ಚಿರತೆಯ ಸೊಂಟ ಸಿಕ್ಕಿಕೊಳ್ಳುತ್ತದೆ. ಬಿಡಿಸಿದರೂ ಒಳಗೆ ಪೆಟ್ಟಾಗಿ ಆಮೇಲೆ ಸಾಯುವುದುಂಟು.

ನಮ್ಮ ಜಿಲ್ಲೆಯ ಜಗಳೂರು ತಾಲ್ಲೂಕಿನಲ್ಲಿ ರಂಗಯ್ಯನದುರ್ಗದ ಕಾಡಿದೆ. 2011ರಲ್ಲಿ ಅದನ್ನು ಕೊಂಡುಕುರಿಗಾಗಿಯೇ ವನ್ಯಜೀವಿಧಾಮ ಮಾಡಿದರು. ಎರಡಡಿ ಎತ್ತರದ ಅಂಜುಬುರುಕ ಜೀವ. ಗಂಡಿಗೆ ನಾಲ್ಕು ಕೊಂಬು. ಹಿಕ್ಕೆ ಹಾಕಲು ಮತ್ತೆ ಮತ್ತೆ ಅದೇ ಜಾಗಕ್ಕೆ ಬರುತ್ತದೆ, ನೀರಿಗೂ ಬಿಡದೆ ಬರುತ್ತದೆ. ಇಂಥದ್ದರ ದಾರಿಯಲ್ಲಿ ಕುಣಿಕೆ ಇಡುವವನಿಗೆ ಯಾವ ಜಾಣತನವೂ ಬೇಕಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಲೆಕ್ಕದಲ್ಲಿ ಉರುಲು ಹಾಕುವುದೂ ಬೇಟೆಯೇ, ಹಾಕುವ ಪ್ರಯತ್ನವೂ ಬೇಟೆಯೇ. ಆದರೆ ಕತ್ತಲಲ್ಲಿ ತಂತಿ ಕಾಣುವುದಿಲ್ಲ.

ನಮ್ಮ ಬೀದಿಯ ಹೆಂಗಸರ ಕೊರಳಿನ ಉರುಲೂ ಕಾಣುವುದಿಲ್ಲ. ಮಗಳ ಫೀಸಿಗೆಂದು ಒಂದು ಸಾಲ, ಅದರ ವಾರದ ಕಂತಿಗೆ ಇನ್ನೊಂದು, ಎರಡನ್ನೂ ತೀರಿಸಲು ಮೀಟರ್ ಬಡ್ಡಿ. ಬಿಡಿಸಿಕೊಳ್ಳಲು ಒದ್ದಾಡಿದಷ್ಟೂ ಬಿಗಿ. ಕಂತು ತಪ್ಪಿದ ದಿನ ವಸೂಲಿಯವರು ಮನೆ ಮುಂದೆ ನಿಂತು ನಾಲ್ಕು ಜನಕ್ಕೆ ಕೇಳುವಂತೆ ಕೂಗುತ್ತಾರೆ. ಒಳಗೆ ಹೆಂಗಸರು ದೀಪ ಆರಿಸಿ ಮಕ್ಕಳನ್ನು ಸುಮ್ಮನಿರಿಸಿ ಕೂತಿರುತ್ತಾರೆ. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು: ಸಾಲಗಾರರಿಗೆ ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಬೇಕಾಗಿತ್ತು, ಬಂತು. ಆದರೆ ಠಾಣೆ ಮೆಟ್ಟಿಲು ಹತ್ತಿ ದೂರು ಕೊಡಬೇಕಾದವರು ಇದೇ ಹೆಂಗಸರು. ಇಪ್ಪತ್ತು ಸಾವಿರ ರೂಪಾಯಿಗೆ ಬ್ಯಾಂಕು ಅವರನ್ನು ತಿಂಗಳುಗಟ್ಟಲೆ ಅಲೆಸದೇ ಇದ್ದಿದ್ದರೆ ಒಬ್ಬರೂ ಆ ಸಾಲಗಳ ಕಡೆ ಹೋಗುತ್ತಿರಲಿಲ್ಲ.