ರೆಕ್ಕೆ ತಿರುಚಿದವರ ಊರಿನಲ್ಲಿ

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ನಮ್ಮಂಥ ಅಜ್ಜ-ಅಜ್ಜಿಯರು ನಯಾಗರ ನೋಡುತ್ತಾರೆ, ನ್ಯೂಯಾರ್ಕ್ ನೋಡುತ್ತಾರೆ. ಒಹಾಯೊ ರಾಜ್ಯದ ಡೇಟನ್ ಊರಿಗೆ ಹೋಗಿಬಂದೆ ಎನ್ನುವವರು ಕಡಿಮೆ. ಆರನೆಯ ತರಗತಿಯ ನನ್ನ ಮೊಮ್ಮಗನಿಗೆ ಯುದ್ಧವಿಮಾನಗಳ ಹುಚ್ಚು. ಅವನ ದೆಸೆಯಿಂದ ನನಗೆ ಆ ಊರು ನೋಡಸಿಕ್ಕಿತು.

ಡೇಟನ್ ರೈಟ್ ಸಹೋದರರ ಊರು. ಅಣ್ಣ ವಿಲ್ಬರ್, ತಮ್ಮ ಆರ್ವಿಲ್ ಇಲ್ಲಿ ಸೈಕಲ್ ಅಂಗಡಿ ಇಟ್ಟಿದ್ದರು. 1895ರಿಂದ 97ರವರೆಗೆ ಬಾಡಿಗೆಗಿದ್ದ ಇಟ್ಟಿಗೆ ಕಟ್ಟಡ ಈಗಲೂ ಇದೆ. ಆಮೇಲಿನ ಅಂಗಡಿಯಲ್ಲಿ, 1899ರಲ್ಲಿ, ಗಿರಾಕಿಯ ಜೊತೆ ಮಾತಾಡುತ್ತಾ ವಿಲ್ಬರ್ ಸೈಕಲ್ ಟ್ಯೂಬಿನ ಖಾಲಿ ರಟ್ಟಿನ ಪೆಟ್ಟಿಗೆಯನ್ನು ಸುಮ್ಮನೆ ತಿರುಚುತ್ತಿದ್ದರಂತೆ. ಮಕ್ಕಳೇ, ಟೂತ್‌ಪೇಸ್ಟಿನ ಖಾಲಿ ಡಬ್ಬ ತೆಗೆದುಕೊಂಡು, ಎರಡೂ ತುದಿಯ ಮುಚ್ಚಳ ಕಿತ್ತು, ಎರಡೂ ಕೈಯಲ್ಲಿ ಹಿಡಿದು ತಿರುಚಿ ನೋಡಿ. ಒಂದು ತುದಿ ಮೇಲೆ ಮುಖ ಮಾಡಿದರೆ ಇನ್ನೊಂದು ಕೆಳಕ್ಕೆ ಮುಖ ಮಾಡುತ್ತದೆ. ರೆಕ್ಕೆಯನ್ನು ಹೀಗೆ ತಿರುಚಿದರೆ ವಿಮಾನ ವಾಲದಂತೆ ಕಾಯಬಹುದು, ಬೇಕಾದಾಗ ವಾಲಿಸಲೂಬಹುದು ಎಂದು ಅವರಿಗೆ ಹೊಳೆಯಿತು.

ಆ ರೆಕ್ಕೆಯನ್ನು ಊರಂಚಿನ ಅಮೆರಿಕ ವಾಯುಪಡೆಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಕಣ್ಣಾರೆ ಕಂಡೆ. ಪ್ರವೇಶ ಉಚಿತ, ಆದರೆ ಮಂಡಿನೋವಿನವರು ಯೋಚಿಸಿ ಹೊರಡಿ, ನಡೆದಷ್ಟೂ ಮುಗಿಯುವುದಿಲ್ಲ. ಅಲ್ಲಿರುವುದು 1909ರಲ್ಲಿ ಸೈನ್ಯ ಕೊಂಡ ಮೊದಲ ವಿಮಾನದ ತದ್ರೂಪು. ಮರದ ಚೌಕಟ್ಟು, ಬಟ್ಟೆಯ ಹೊದಿಕೆ. ಚಾಲಕ ಹಿಡಿ ಎಳೆದರೆ ತಂತಿಗಳು ರೆಕ್ಕೆಯ ತುದಿಯನ್ನೇ ತಿರುಚುತ್ತಿದ್ದವು. ಬ್ಯಾಂಕಿನವನಾದ ನನಗೆ ಲೆಕ್ಕವೂ ರುಚಿಸಿತು: ಬೆಲೆ 25,000 ಡಾಲರ್, ಗಂಟೆಗೆ 40 ಮೈಲಿ ಮೀರಿದ ಒಂದೊಂದು ಮೈಲಿಗೂ 2,500 ಡಾಲರ್ ಇನಾಮು. ವಿಮಾನ 42 ದಾಟಿ ಇನ್ನೂ ಅರ್ಧ ಮೈಲಿ ಹೆಚ್ಚೇ ಓಡಿತು. ಸರ್ಕಾರ ಕೊಟ್ಟದ್ದು ಪೂರ್ತಿ ಎರಡು ಮೈಲಿಗೆ ಮಾತ್ರ, ಒಟ್ಟು 30,000!

ಅದರ ಹಿಂದಿನ ವರ್ಷದ ಪರೀಕ್ಷೆಯಲ್ಲಿ ಪ್ರೊಪೆಲರ್ ಮುರಿದು ವಿಮಾನ ಬಿದ್ದಿತ್ತು. ಜೊತೆಗೆ ಕುಳಿತಿದ್ದ ಸೇನಾಧಿಕಾರಿ ಥಾಮಸ್ ಸೆಲ್ಫ್‌ರಿಡ್ಜ್ ತೀರಿಕೊಂಡರು, ಆರ್ವಿಲ್ ಮೂಳೆ ಮುರಿದುಕೊಂಡರು. ಹಾಗಾಗಿದ್ದರೂ ಮರುವರ್ಷ ತಮ್ಮ ಮತ್ತೆ ಹತ್ತಿ ಕುಳಿತನಲ್ಲ, ಆ ಎದೆಗಾರಿಕೆ ನನಗೆ ಇನಾಮಿಗಿಂತ ದೊಡ್ಡದಾಗಿ ಕಂಡಿತು.

ವಿಮಾನಗಳ ಭಾರ, ವೇಗ ಹೆಚ್ಚಿದಂತೆ ಮೆತ್ತನೆಯ ರೆಕ್ಕೆ ಉಳಿಯಲಿಲ್ಲ. ಗಟ್ಟಿ ರೆಕ್ಕೆಗೆ ಬಾಗಿಲಿನಂತೆ ಕೀಲಿನ ಪಟ್ಟಿಗಳು ಬಂದವು. ರೂಪ ಬದಲಿಸುವ ಆಸೆ ಮಾತ್ರ ಹೋಗಲಿಲ್ಲ. ಹಾರುತ್ತಿರುವಾಗಲೇ ರೆಕ್ಕೆಯನ್ನು ಹಿಂದಕ್ಕೆ ಮಡಿಸುವ 1951ರ ಎಕ್ಸ್-5 ಇಲ್ಲಿದೆ. 2019ರಲ್ಲಿ ನಿವೃತ್ತಿಯಾದ ನಮ್ಮ ವಾಯುಪಡೆಯ ಮಿಗ್-27 ಕೂಡ ಇದೇ ಜಾತಿಯದು. ಇನ್ನೊಂದು, ಬಿಳಿಯ ಬೃಹತ್ ಎಕ್ಸ್‌ಬಿ-70. ಶಬ್ದದ ಮೂರು ಪಟ್ಟು ವೇಗದಲ್ಲಿ ಹಾರುವ ಅದು ರೆಕ್ಕೆಯ ತುದಿಗಳನ್ನು 65 ಡಿಗ್ರಿ ಕೆಳಕ್ಕೆ ಮಡಚುತ್ತಿತ್ತು. ಮಡಚಲು ಬೇಕಾದ ಯಂತ್ರಗಳದ್ದೇ ದೊಡ್ಡ ಭಾರ.

"ತಾತ, ಮೋಟರ್ ಇಲ್ಲದೇ ಮಡಚಕ್ಕಾಗಲ್ವಾ?" ಎಂದ ಮೊಮ್ಮಗ. ಉತ್ತರ ಅವನ ಬಾಯಲ್ಲೇ ಇತ್ತು. ಅವನ ಹಲ್ಲಿಗೆ ಕಟ್ಟಿರುವ ತಂತಿ ನಿಕಲ್ ಮತ್ತು ಟೈಟಾನಿಯಂ ಬೆರೆಸಿದ ಲೋಹ. ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಹುಟ್ಟಿದ ನಿಟಿನಾಲ್ ಅದರ ಹೆಸರು. ಬಗ್ಗಿಸಿ ಬಿಸಿ ಮಾಡಿದರೆ ತನ್ನ ಹಳೆಯ ಆಕಾರವನ್ನು ನೆನಪಿಟ್ಟಂತೆ ಮರಳಿ ಪಡೆಯುತ್ತದೆ. 2017-18ರ ಹೊತ್ತಿಗೆ ನಾಸಾದವರು ಇಂಥ ಲೋಹದ ಬಲದಿಂದಲೇ ಒಂದು ಪುಟ್ಟ ಚಾಲಕರಹಿತ ವಿಮಾನದ ರೆಕ್ಕೆಯ ತುದಿಯನ್ನು ಆಕಾಶದಲ್ಲಿ ಮಡಚಿ ತೋರಿಸಿದರು. ತೊಂದರೆಯೂ ಇದೆ: ಲೋಹ ಬೇಗ ಕಾಯುತ್ತದೆ, ನಿಧಾನ ಆರುತ್ತದೆ. ಯುದ್ಧವಿಮಾನಕ್ಕೆ ಕಣ್ಣು ಮಿಟುಕಿಸುವಷ್ಟರಲ್ಲಿ ತಿರುಗಬೇಕಲ್ಲ!

ಇನ್ನೊಂದು ದಾರಿ ಶ್ರೀಧರ್ ಕೋಟಾ ಅವರದು. ಹೆಸರು ಓದಿ ನಮ್ಮ ಉಡುಪಿ ಕಡೆಯವರು ಎಂದುಕೊಳ್ಳಬೇಡಿ, ಹೈದರಾಬಾದಿನಲ್ಲಿ ಎಂಜಿನಿಯರಿಂಗ್ ಓದಿದ ಮಿಚಿಗನ್ನಿನ ಪ್ರೊಫೆಸರ್. ಕೀಲೂ ಇಲ್ಲದ, ಸಂದೂ ಇಲ್ಲದ, ತಾನೇ ಬಾಗುವ ರೆಕ್ಕೆಯಂಚನ್ನು ಅವರ ಕಂಪನಿ ಮಾಡಿತು. ನಾಸಾ ಮತ್ತು ವಾಯುಪಡೆಯ ಸಂಶೋಧನಾಲಯ ಸೇರಿ ಅದನ್ನು 2014ರಲ್ಲಿ ಒಂದು ಜೆಟ್ ವಿಮಾನಕ್ಕೆ ಕೂರಿಸಿ ಹಾರಿಸಿದವು. ಆ ಸಂಶೋಧನಾಲಯದ ಮುಖ್ಯ ಕಚೇರಿ ಇರುವುದು ಇದೇ ಡೇಟನ್ನಿನ ವಾಯುನೆಲೆಯಲ್ಲಿ. ಸಂದಿಲ್ಲದಿದ್ದರೆ ಗಾಳಿಯ ತಡೆ ಕಡಿಮೆ, ಇಂಧನ ಉಳಿತಾಯ, ರೇಡಾರಿಗೂ ಸುಲಭವಾಗಿ ಸಿಗದು. ಆದರೆ ಸಾವಿರಾರು ಸಲ ಬಾಗಿದರೂ ಸೀಳಬಾರದು, ಭಾರ ಹೊರುವಷ್ಟು ಗಟ್ಟಿಯಾಗಿಯೂ ಇರಬೇಕು.

ಇದೇ ಸಂಗ್ರಹಾಲಯದಲ್ಲಿ ನಾಗಸಾಕಿಯ ಮೇಲೆ ಬಾಂಬು ಹಾಕಿದ ವಿಮಾನವೂ ನಿಂತಿದೆ. ಅಷ್ಟು ಹೊತ್ತು ಪಟಪಟ ಮಾತಾಡುತ್ತಿದ್ದ ಹುಡುಗ ಅಲ್ಲಿ ಮಾತ್ರ ನನ್ನ ಕೈ ಹಿಡಿದುಕೊಂಡ. ಜಾಣತನವೆಲ್ಲ ಮೊದಲು ಸೈನ್ಯದ ಮನೆಗೇ ಏಕೆ ಹೋಗುತ್ತದೋ, ನನಗಂತೂ ಅದು ಹಿಡಿಸುವುದಿಲ್ಲ.

ಸಂಜೆ ಹಫ್‌ಮನ್ ಪ್ರೇರಿಗೆ ಹೋದೆವು. 1904-05ರಲ್ಲಿ ಅಣ್ಣತಮ್ಮ ಹಾರಾಟ ಕಲಿತ ಬಯಲು. ಹುಲ್ಲು, ಒಂದು ಮರದ ಶೆಡ್ಡು, ಅಷ್ಟೇ. ಮೇಲೆ ಹದ್ದಿನಂಥ ದೊಡ್ಡ ಹಕ್ಕಿಯೊಂದು ರೆಕ್ಕೆ ಬಡಿಯದೆ, ತುದಿಯನ್ನಷ್ಟೇ ಆಗಾಗ ತಿರುಚುತ್ತಾ ಸುತ್ತುತ್ತಿತ್ತು. ಮೊಮ್ಮಗ ಅದರ ವೀಡಿಯೊ ತೆಗೆಯುತ್ತಾ ಓಡಿದ. ನಾನು ಕುಳಿತುಕೊಳ್ಳಲು ಎಲ್ಲಾದರೂ ಬೆಂಚಿದೆಯೇ ಎಂದು ಹುಡುಕಿದೆ.