ಕೊಲ್ಲದೆಯೂ ಗೆಲ್ಲಬಹುದಾದ ಆಟ

ಕಂಪ್ಯೂಟರ್ ಆಟವೆಂದರೆ ಎದುರಿಗೆ ಬಂದವರನ್ನೆಲ್ಲ ಗುಂಡು ಹಾರಿಸಿ ಕೆಡವುವುದು ಎಂದೇ ಪಾಲಕರಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಅದು ಪೂರ್ತಿ ನಿಜವಲ್ಲ. ಅಡಗಿ ಆಡುವ ಆಟಗಳದೇ ಬೇರೊಂದು ಪಂಗಡವಿದೆ. ಅವುಗಳಲ್ಲಿ ಕಾವಲುಗಾರನ ಕಣ್ಣಿಗೆ ಬೀಳದೆ, ಅವನ ಕಿವಿಗೆ ಕೇಳಿಸದೆ ದಾಟಿಹೋಗುವುದೇ ಜಾಣತನ. 1998ರಲ್ಲಿ ಅಮೆರಿಕದಿಂದ ಬಂದ ‘ಥೀಫ್’ ಎಂಬ ಆಟದಲ್ಲಿ ಕಲ್ಲುಹಾಸಿನ ಮೇಲೆ ಓಡಿದರೆ ಸಪ್ಪಳವಾಗುತ್ತಿತ್ತು, ಜಮಖಾನದ ಮೇಲೆ ನಡೆದರೆ ಆಗುತ್ತಿರಲಿಲ್ಲ. ದೀಪದಿಂದ ದೂರ ನಿಂತಷ್ಟೂ ಆಟಗಾರ ಕ್ಷೇಮ. ಯಾವ ವಸ್ತು ಧ್ವನಿಯನ್ನು ಹೀರುತ್ತದೆ, ನೆರಳು ಎಲ್ಲಿ ಬೀಳುತ್ತದೆ ಎಂದು ಹುಡುಗರು ಪರೀಕ್ಷೆಗಾಗಿ ಓದಿ ಮರೆಯುವ ಸಂಗತಿಗಳೇ ಅಲ್ಲಿ ಜೀವ ಉಳಿಸಿಕೊಳ್ಳುವ ಉಪಾಯ. ಇಂಥ ಆಟ ಕಟ್ಟುವವರು ದಡ್ಡರಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡರೆ ಮುಂದಿನ ಮಾತು ಸುಲಭ.

ಖಾನಾಪುರ ತಾಲ್ಲೂಕಿನ ಹಲಸಿಯ ಮನೆಯೊಂದಕ್ಕೆ ಈ ಬಗೆಯ ಆಟ ಬಂದದ್ದು ದೀಪಾವಳಿಯ ರಜೆಯಲ್ಲಿ. ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುವ ಕಾಕಾನ ಮಗ ತನ್ನ ಹಳೆಯ ಲ್ಯಾಪ್‌ಟಾಪನ್ನು ಪಿಯುಸಿ ಮೊದಲ ವರ್ಷದ ತಮ್ಮನಿಗೆ ಬಿಟ್ಟುಹೋಗಿದ್ದ. ಅದರೊಳಗೆ ‘ಡಿಸ್‌ಆನರ್ಡ್’ ಇತ್ತು. ಫ್ರಾನ್ಸಿನ ಲಿಯೋನ್ ನಗರದ ಆರ್ಕೇನ್ ಸಂಸ್ಥೆ 2012ರಲ್ಲಿ ಹೊರತಂದ ಆಟವಿದು. ಡನ್‌ವಾಲ್ ಎಂಬ ಕಲ್ಪಿತ ನಗರದಲ್ಲಿ ಇಲಿಗಳಿಂದ ಪ್ಲೇಗು ಹರಡಿದೆ. ರಾಣಿಯ ಅಂಗರಕ್ಷಕ ಕಾರ್ವೊ ಕಣ್ಣೆದುರಿನಲ್ಲೇ ರಾಣಿಯನ್ನು ಕಳೆದುಕೊಳ್ಳುತ್ತಾನೆ. ಕೊಲೆಯ ಅಪವಾದ ಅವನ ಮೇಲೆಯೇ ಬರುತ್ತದೆ. ಸೆರೆಮನೆಯಿಂದ ತಪ್ಪಿಸಿಕೊಂಡು, ಮುಖವಾಡ ಹಾಕಿಕೊಂಡು, ಸಂಚುಗಾರರನ್ನು ಒಬ್ಬೊಬ್ಬರಾಗಿ ಮುಗಿಸುವುದು ಕಥೆ.

ಅಮೆರಿಕದ ಶ್ರೇಣಿ ಮಂಡಳಿ ಇದಕ್ಕೆ 17 ವರ್ಷ ಮೇಲ್ಪಟ್ಟವರಿಗೆ ಎಂಬ ಗುರುತು ಕೊಟ್ಟಿದೆ, ಯುರೋಪಿನದು 18. ಅಮೆರಿಕದ ಮಂಡಳಿ ಹುಟ್ಟಿದ್ದೂ ಇಂಥದೇ ತಕರಾರಿನಿಂದ. ‘ಮಾರ್ಟಲ್ ಕಾಂಬ್ಯಾಟ್’ ಮುಂತಾದ ಆಟಗಳ ರಕ್ತಪಾತದ ಬಗ್ಗೆ 1993ರಲ್ಲಿ ಅಲ್ಲಿನ ಸೆನೆಟ್‌ನಲ್ಲಿ ವಿಚಾರಣೆ ನಡೆದು, ಮರುವರ್ಷ ಉದ್ಯಮದವರೇ ಮಂಡಳಿ ಮಾಡಿಕೊಂಡರು. ಹಲಸಿಯ ಹುಡುಗನಿಗೆ 16 ವರ್ಷ. ಒಂದು ವರ್ಷದ ಕೊರತೆಯೋ ಎರಡು ವರ್ಷದ್ದೋ ಎಂದು ಲೆಕ್ಕ ಹಾಕುತ್ತ ಕೂರಬಹುದು. ಆದರೆ ಅಪ್ಪನ ಅಂಜಿಕೆ ಆ ಲೆಕ್ಕದ್ದಾಗಿರಲಿಲ್ಲ.

2019ರ ಸೆಪ್ಟೆಂಬರಿನಲ್ಲಿ ಬೆಳಗಾವಿ ಹತ್ತಿರದ ಊರೊಂದರಲ್ಲಿ, ಪಬ್‌ಜಿ ಆಡಬೇಡವೆಂದ ತಂದೆಯನ್ನು ಮಗನೇ ಕೊಂದ ಸುದ್ದಿ ಈ ಭಾಗದ ಮನೆಮನೆಗೂ ಮುಟ್ಟಿತ್ತು. ಅಂದಿನಿಂದ ಮೊಬೈಲ್ ಹಿಡಿದು ಕೂತ ಮಗನ ಬೆನ್ನು ಕಂಡರೂ ಬೆದರುವ ತಂದೆಯರಿದ್ದಾರೆ. ಅವರನ್ನು ನಕ್ಕು ತಳ್ಳಿಹಾಕುವಂತಿಲ್ಲ. ಹಾಗೆಂದು ಒಂದು ಮನೆಯ ದುರಂತದಿಂದ ಎಲ್ಲ ಮನೆಗೂ ಸೂತ್ರ ಬರೆಯಲೂ ಬಾರದು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಅದೇ 2019ರಲ್ಲಿ ಬ್ರಿಟನ್ನಿನ 14-15 ವರ್ಷದ ಸುಮಾರು ಸಾವಿರ ಮಕ್ಕಳನ್ನೂ ಅವರ ಪಾಲಕರನ್ನೂ ಕೇಳಿ ನೋಡಿದರು. ಹಿಂಸೆಯ ಆಟ ಆಡುವುದಕ್ಕೂ ಮಕ್ಕಳ ಆಕ್ರಮಣಕಾರಿ ನಡವಳಿಕೆಗೂ ಸಂಬಂಧ ಕಾಣಲಿಲ್ಲ. ಅಮೆರಿಕದ ಮನೋವಿಜ್ಞಾನ ಸಂಘ ಆಟಗಳಿಂದ ಸಿಡುಕು, ಒರಟುತನ ಸ್ವಲ್ಪ ಹೆಚ್ಚಬಹುದೆಂದರೂ, ನಿಜವಾದ ಹೊಡೆದಾಟ, ಕೊಲೆಗೆ ಆಟಗಳೇ ಕಾರಣವೆನ್ನಲು ಪುರಾವೆ ಸಾಲದೆಂದು 2020ರಲ್ಲಿ ಹೇಳಿತು. ಚಟದ ಮಾತು ಬೇರೆ. ಅದನ್ನು ವಿಶ್ವ ಆರೋಗ್ಯ ಸಂಸ್ಥೆ ರೋಗಗಳ ಪಟ್ಟಿಯಲ್ಲೇ ಸೇರಿಸಿದೆ; ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಅದಕ್ಕೆಂದೇ ಚಿಕಿತ್ಸಾಲಯವಿದೆ. ಊಟ, ನಿದ್ದೆ, ಓದು ಬಿಟ್ಟು ಆಡುವವನ ಕೈಯಲ್ಲಿ ಇಸ್ಪೀಟು ಇದ್ದರೂ ಆತಂಕದ ಸಂಗತಿಯೇ.

‘ಇದರಾಗ ಒಬ್ಬರನ್ನೂ ಕೊಲ್ಲದನ ಪೂರಾ ಆಟ ಮುಗಸಬಹುದು, ಅಪ್ಪಾ’ ಎಂದು ಹುಡುಗ ವಾದ ಹೂಡಿದ.

‘ಹಂಗಂದ್ರ ಕೈಯಾಗ ಚೂರಿ ಯಾಕ ಕೊಟ್ಟಾರ?’

ಹುಡುಗ ಹೇಳಿದ್ದು ಸುಳ್ಳಲ್ಲ. ಚೂರಿ ಕೊಟ್ಟು, ಬಳಸುವುದೋ ಬಿಡುವುದೋ ನಿನಗೆ ಬಿಟ್ಟದ್ದು ಎನ್ನುವುದೇ ಈ ಆಟದ ವಿಶೇಷ. ಹೆಣಗಳು ಹೆಚ್ಚಿದಂತೆ ನಗರದಲ್ಲಿ ಇಲಿಗಳು ಹೆಚ್ಚುತ್ತವೆ, ಪ್ಲೇಗಿನ ರೋಗಿಗಳು ಹೆಚ್ಚುತ್ತಾರೆ, ಕೊನೆಯ ಭಾಗ ಕತ್ತಲಾಗುತ್ತ ಹೋಗುತ್ತದೆ. ರಾಣಿಯ ಎಳೆಯ ಮಗಳು ಬಿಡಿಸುವ ಚಿತ್ರಗಳು ಕೂಡ ಆಟಗಾರ ನಡೆದುಕೊಂಡ ರೀತಿಯಂತೆ ಬದಲಾಗುತ್ತವೆ. (ನಿಜವಾದ ಪ್ಲೇಗು ಬರುವುದು ಇಲಿಯ ಮೈಮೇಲಿನ ಚಿಗಟಗಳಿಂದ, ಹೆಣ ತಿಂದ ಇಲಿಯಿಂದಲ್ಲ. ಹುಡುಗರು ಆಟದಿಂದ ಜೀವಶಾಸ್ತ್ರ ಕಲಿಯುವುದು ಬೇಡ.) ಮಾಡಿದ್ದಕ್ಕೆ ಫಲ ಉಂಟು ಎಂದು ತೋರಿಸುವ ಆಟ, ಕೊಂದಷ್ಟೂ ಅಂಕ ಕೊಡುವ ಆಟಕ್ಕಿಂತ ಎಷ್ಟೋ ಮೇಲು.

ಅಪ್ಪ ಮಾತಿನ ದಾರಿ ಬದಲಿಸಿದ. ಕಳ್ಳರ ಹಾಗೆ ಕತ್ತಲಲ್ಲಿ ಅಡಗಿ ಹಿಂದಿನಿಂದ ಬೀಳುವುದು ಗಂಡಸರ ಲಕ್ಷಣವಲ್ಲ ಎಂದ. ಅಷ್ಟು ಹೊತ್ತು ಎಲೆ ಅಡಿಕೆ ಮೆಲ್ಲುತ್ತಿದ್ದ ಅಜ್ಜ ಬಾಯಿ ಹಾಕಿದರು. ‘ಹಂಗಾದ್ರ ರಾಯಣ್ಣಂದು ಏನಂತಿ?’

ನಂದಗಡ ಹಲಸಿಗೆ ಹತ್ತಿರವೇ. ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ಗಲ್ಲಿಗೇರಿಸಿದ್ದು ಅಲ್ಲಿ. ಸಮಾಧಿಯ ಆಲದ ಮರವನ್ನು ನೋಡದ ಶಾಲೆ ಹುಡುಗರು ಈ ತಾಲ್ಲೂಕಿನಲ್ಲಿ ಕಡಿಮೆ. ಬಂದೂಕು, ಫಿರಂಗಿಗಳ ಕಂಪನಿ ಸರಕಾರದ ಎದುರು ಬಯಲಲ್ಲಿ ನಿಂತು ಕಾದಲು ಅವನಲ್ಲಿ ಬಲವಿರಲಿಲ್ಲ. ಈ ಕಾಡುಗಳಲ್ಲೇ ಅಡಗಿ, ಅನಿರೀಕ್ಷಿತವಾಗಿ ಎರಗಿ, 1830ರಲ್ಲಿ ಬೀಡಿಯ ಸರಕಾರಿ ಕಚೇರಿಗೆ ಬೆಂಕಿ ಇಟ್ಟು ಮಾಯವಾದವನು ಅವನು. ಅಡಗುವುದು ಹೇಡಿತನವೆಂದು ಈ ನೆಲದಲ್ಲಿ ನಿಂತು ಹೇಳುವುದು ಕಷ್ಟ. ಅಪ್ಪ ಸುಮ್ಮನಾದ. ಆದರೆ ಅಜ್ಜನ ಮಾತು ಗೆದ್ದದ್ದು ಅರ್ಧ ಮಾತ್ರ. ರಾಯಣ್ಣ ಯಾಕೆ ಅಡಗಿದ, ಯಾರಿಗಾಗಿ ಅಡಗಿದ ಎಂಬುದು ಊರಿಗೆಲ್ಲ ಗೊತ್ತಿತ್ತು. ಆಟದೊಳಗಿನ ಮುಖವಾಡದವನ ಬಗ್ಗೆ ಅದನ್ನು ಯಾರಾದರೂ ಕೇಳಬೇಕಲ್ಲ?

ಕೇಳಿದವಳು ಅವ್ವ. ಆ ಮನೆಯಲ್ಲಿ ಹುಡುಗನಿಗೆ ಬೇರೆ ಕೋಣೆಯಿಲ್ಲ. ಪಡಸಾಲೆಯಲ್ಲಿ ಆಡಿದರೆ ಎಲ್ಲರೂ ನೋಡಿದಂತೆ; 11 ವರ್ಷದ ತಂಗಿಯೂ. ಪೆಟ್ಟಿಗೆಯ ಮೇಲೆ ವಯಸ್ಸು ಅಚ್ಚುಮಾಡುವವರು ಒಬ್ಬನೇ ಕೂತು ಆಡುವವನನ್ನು ಕಲ್ಪಿಸಿಕೊಂಡಿರುತ್ತಾರೆ; ಹಳ್ಳಿಯ ಪಡಸಾಲೆ ಅವರ ಲೆಕ್ಕಕ್ಕೆ ಬಂದಿರುವುದಿಲ್ಲ. ಒಂದು ಸಂಜೆ ಅವ್ವ ಅವರೆಕಾಯಿ ಬಿಡಿಸುತ್ತ ನೋಡುತ್ತಿದ್ದಳು. ಹಬ್ಬದೂಟದ ಮನೆಯೊಂದರಲ್ಲಿ ಮುಖವಾಡದವನು ಸಿರಿವಂತ ಹೆಂಗಸೊಬ್ಬಳ ಪ್ರಜ್ಞೆ ತಪ್ಪಿಸಿ ಹೆಗಲ ಮೇಲೆ ಹೊತ್ತು ನೆಲಮಾಳಿಗೆಗೆ ಇಳಿಯುತ್ತಿದ್ದ.

‘ಆಕಿನ್ನ ಎಲ್ಲಿಗೆ ಹೊತಗೊಂಡು ಹೊಂಟಾನ, ತಮ್ಮಾ?’

ಕೆಳಗೆ ದೋಣಿಯಿದೆ, ಅವಳನ್ನು ಬಯಸಿದ ಒಬ್ಬ ಕಾದಿದ್ದಾನೆ, ಅವನಿಗೆ ಒಪ್ಪಿಸಿದರೆ ದೂರ ಕರೆದೊಯ್ಯುತ್ತಾನೆ, ಮತ್ತೆ ಊರಿಗೆ ಬರುವುದಿಲ್ಲ, ಕೊಂದಂತೆಯೂ ಆಗುವುದಿಲ್ಲ ಎಂದು ಹುಡುಗ ವಿವರಿಸಿದ.

‘ಅದಕಿಂತ ಕೊಂದಿದ್ರ ಪಾಡಿತ್ತಲ್ಲೋ’ ಎಂದಳು ಅವ್ವ.

ಡಿಸ್‌ಆನರ್ಡ್‌ನ ನಿಜವಾದ ತೊಡಕು ಇಲ್ಲಿದೆ, ರಕ್ತದಲ್ಲಲ್ಲ. ರಕ್ತ ಕಣ್ಣಿಗೆ ಕಾಣುತ್ತದೆ, ಪಾಲಕರು ಗದರಿಸಬಹುದು. ಆದರೆ ‘ಕೊಲ್ಲದೆ’ ಮುಗಿಸುವ ದಾರಿಗಳಲ್ಲಿ ಕೆಲವು ಸಾವಿಗಿಂತ ಕ್ರೂರ. ಗಣಿಗಳ ಒಡೆಯರಾದ ಇಬ್ಬರು ಅವಳಿ ಸೋದರರ ನಾಲಿಗೆ ಕತ್ತರಿಸಿ ಅವರದೇ ಗಣಿಯಲ್ಲಿ ದುಡಿಯಲು ಕಳುಹಿಸುವುದೂ ಅಂಥ ಒಂದು ದಾರಿ. ಆಟದ ಲೆಕ್ಕದಲ್ಲಿ ಕೊಲೆ ಸೊನ್ನೆ. ಹುಡುಗನಿಗೆ ತಾನು ಅಹಿಂಸೆಯಿಂದ ಗೆದ್ದೆನೆಂಬ ಹೆಮ್ಮೆ. 13-14ರ ಮಕ್ಕಳು ಈ ಸೊನ್ನೆಯನ್ನು ಹಾಗೆಯೇ ನಂಬುತ್ತಾರೆ, ಅವರಿಗೆ ಇದು ಬೇಡ. 16-17ರವನು ‘ಇದೂ ಹಿಂಸೆಯಲ್ಲವೇ’ ಎಂದು ಕೇಳಿಕೊಳ್ಳಬಲ್ಲ, ಆದರೆ ಪಕ್ಕದಲ್ಲಿ ಕೇಳುವವರೊಬ್ಬರು ಇದ್ದರೆ. ಒಬ್ಬನೇ ಹೆಡ್‌ಫೋನ್ ಹಾಕಿಕೊಂಡು ನಡುರಾತ್ರಿ ಆಡುವವನಿಗೆ 18 ತುಂಬಿದ್ದರೂ ಯಾರು ಕೇಳಬೇಕು?

ಇದೇ ಅಡಗಾಟದ ಜಾಣ್ಮೆಯನ್ನು ಬೇರೆ ಕಡೆ ತಿರುಗಿಸಿದವರೂ ಇದ್ದಾರೆ. ‘ಅಸಾಸಿನ್ಸ್ ಕ್ರೀಡ್’ ಎಂಬ ದೊಡ್ಡವರ ಆಟದ ಕಂಪನಿ 2018ರಲ್ಲಿ ಅದರೊಳಗಿನ ಪ್ರಾಚೀನ ಈಜಿಪ್ಟನ್ನು ಕಾದಾಟವಿಲ್ಲದೆ ಸುಮ್ಮನೆ ಸುತ್ತಿ ನೋಡಲು ಬಿಟ್ಟಿತು. ಪಿರಮಿಡ್ಡುಗಳ ಬಳಿ ವಿವರಣೆ ಕೇಳುತ್ತ ನಡೆಯಬಹುದು. ತಂಗಿಗೆ ತೋರಿಸಬಹುದಾದದ್ದು ಅದು. ಕದಂಬರ ಹಲಸಿಯನ್ನೂ, ಎದುರುಬದುರಾಗಿ ಎರಡು ಗರ್ಭಗುಡಿಗಳಿರುವ ಭೂವರಾಹ ನರಸಿಂಹ ದೇವಾಲಯವನ್ನೂ ಹಾಗೆ ಕಟ್ಟಲು ಕಂಪ್ಯೂಟರ್ ಕಲಿತ ಇಲ್ಲಿನ ಹುಡುಗರಿಗೆ ಅಡ್ಡಿಯೇನಿಲ್ಲ.

ಮನೆಯಲ್ಲಿ ಕಡೆಗೆ ಆದ ತೀರ್ಮಾನ ಇಷ್ಟು: ತಂಗಿ ಮಲಗಿದ ಮೇಲೆ ಒಂದು ತಾಸು, ಅದೂ ಶನಿವಾರ ಮಾತ್ರ, ಹೆಡ್‌ಫೋನ್ ಇಲ್ಲದೆ, ಪಡಸಾಲೆಯಲ್ಲೇ. ಪರೀಕ್ಷೆ ಹತ್ತಿರ ಬಂದರೆ ಲ್ಯಾಪ್‌ಟಾಪು ಅಪ್ಪನ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ. ಹುಡುಗ ಒಪ್ಪಿದ, ಗೊಣಗಿಕೊಂಡೇ. ಆ ಹಬ್ಬದೂಟದ ಮನೆಯ ಭಾಗವನ್ನು ಅವನು ಮತ್ತೆ ಮೊದಲಿನಿಂದ ಆಡಿ ನೋಡಿದ್ದಾನಂತೆ. ಕೊಲ್ಲುವುದು, ಇಲ್ಲವೇ ದೋಣಿಗೆ ಹಾಕುವುದು. ಮೂರನೆಯ ದಾರಿ ಅವನಿಗೆ ಸಿಕ್ಕಿಲ್ಲ.